ಶೀಟಿನ ಇನ್ನೊಂದು ತುದಿ

ಆಸ್ಪತ್ರೆಯ ಬಟ್ಟೆಗೆ ಅವಳು ಯಾವತ್ತೂ ಹೇಸಿದವಳಲ್ಲ. ರಕ್ತ, ಕೀವು, ವಾಂತಿ, ಮಲ, ಹೆರಿಗೆಯ ನೀರು, ಸತ್ತವರ ಬೆವರು, ಎಲ್ಲವೂ ಅವಳ ಕೈ ಮೇಲೆ ಹಾದುಹೋಗಿವೆ. ಮನುಷ್ಯ ಅಂದ ಮೇಲೆ ಸೋರುತ್ತಾನೆ. ಸೋರಿದ್ದಕ್ಕೆ ಬಿಸಿನೀರಿದೆ, ಸೋಡಾ ಇದೆ, ಆಳೆತ್ತರದ ಯಂತ್ರ ಇದೆ. ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಒಂದು ಬಾಯಿಗೆ. ಅದನ್ನು ಒಳಗೆ ಹಾಕಿ ತಿರುಗಿಸುವ ಯಂತ್ರ ಆ ಲಾಂಡ್ರಿಯಲ್ಲಿ ಇರಲಿಲ್ಲ.

ಆ ಬಾಯಿ ಮೇಸ್ತ್ರಿಯದು.

ಲಾಂಡ್ರಿಯಲ್ಲಿ ಎರಡು ಕೋಣೆ. ಹಿಂದಿನದು ಕೊಳೆ ಕೋಣೆ. ಆಸ್ಪತ್ರೆಯ ಗಾಡಿ ಬಂದು ಅಲ್ಲಿ ಮೂಟೆ ಸುರಿದು ಹೋಗುತ್ತದೆ. ಮೂಟೆ ಬಿಚ್ಚಬೇಕು. ರಕ್ತದ್ದು ಬೇರೆ, ಮಲದ್ದು ಬೇರೆ, ಬರೀ ಬೆವರಿನದು ಬೇರೆ ಮಾಡಬೇಕು. ಯಾರೋ ಮರೆತ ಸೂಜಿ ಬೆರಳಿಗೆ ಚುಚ್ಚದ ಹಾಗೆ ನೋಡಿಕೊಳ್ಳಬೇಕು. ಮೇಲಿಂದ ಔಷಧಿ ನೀರಿನ ಹಬೆ. ಮೂರು ವರ್ಷ ಅವಳು ಅಲ್ಲೇ ಇದ್ದಳು. ಕೆಮ್ಮು ಹತ್ತಿತು, ಹತ್ತಿದ್ದು ಬಿಡಲಿಲ್ಲ. ‘ಇನ್ನೊಂದು ವರ್ಷ ಆ ಹಬೆ ಕುಡಿದ್ರೆ ನಿನ್ನ ಎದೆಗೆ ನಾನು ಜವಾಬ್ದಾರನಲ್ಲ’ ಅಂದರು ಡಾಕ್ಟರು. ಕಾಡಿ ಬೇಡಿ ಮುಂದಿನ ಕೋಣೆಗೆ ಬಂದಳು. ಅದು ಮಡಿಚುವ ಕೋಣೆ. ಒಣಗಿದ ಬಟ್ಟೆ, ಬಿಸಿ ಗಾಳಿ, ದೊಡ್ಡ ಕಿಟಕಿ. ಕೆಮ್ಮು ಅರ್ಧಕ್ಕೆ ಇಳಿಯಿತು.

ಬೆಡ್‌ಶೀಟು ಮಡಿಚುವುದು ಒಬ್ಬರ ಕೆಲಸವಲ್ಲ. ಈ ತುದಿ ಒಬ್ಬರು, ಆ ತುದಿ ಇನ್ನೊಬ್ಬರು. ಕೊಡವಬೇಕು, ಎಳೆದು ನೆರಿಗೆ ತೆಗೆಯಬೇಕು, ಉದ್ದಕ್ಕೆ ಎರಡು ಸಲ ಮಡಿಚಬೇಕು, ಆಮೇಲೆ ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ನೆಲ ಮುಟ್ಟಿತೋ, ಕತೆ ಮುಗಿಯಿತು. ಆಸ್ಪತ್ರೆಯ ಬಟ್ಟೆ, ನೆಲಕ್ಕೆ ಬಿದ್ದದ್ದು ಕೊಳೆಯೇ. ಮತ್ತೆ ಹಿಂದಿನ ಕೋಣೆಗೆ, ಮತ್ತೆ ಮೊದಲಿಂದ.

ಈ ಕೆಲಸಕ್ಕೆ ಎರಡೂ ಕೈ ಬೇಕು. ಅವಳಿಗೆ ಅದೇ ಕಷ್ಟ. ಹುಟ್ಟುವಾಗಲೇ ಅವಳ ಮೇಲ್ದುಟಿ ಸೀಳಿತ್ತು, ಒಳಗೆ ಅಂಗುಳೂ ಸೀಳಿತ್ತು. ಚಿಕ್ಕಂದಿನಲ್ಲಿ ಯಾರೋ ಹೊಲಿದರು, ತುಟಿ ಹೇಗೋ ಕೂಡಿತು, ಗೆರೆ ಉಳಿಯಿತು. ಮಾತು ಮಾತ್ರ ಮೂಗಿನಿಂದಲೇ ಬರುತ್ತಿತ್ತು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಡಬೇಕು ಅಂತ ಅಮ್ಮ ಕಲಿಸಿದ್ದಳು. ಅಂಗಡಿಯವನು ‘ಏನು?’ ಅಂತ ಕೇಳಿದರೆ ಅವಳು ಸುಮ್ಮನಾಗುವಳು, ಅಮ್ಮ ಹೇಳುವಳು. ಶಾಲೆಯಲ್ಲೂ ಹಾಗೆ, ಬಸ್ಸಿನಲ್ಲೂ ಹಾಗೆ. ಒಂದು ಮಾತನ್ನು ಎರಡನೇ ಸಲ ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

ಕೊಳೆ ಕೋಣೆಯಲ್ಲಿ ಮಾಸ್ಕ್ ಇತ್ತು. ಮುಂದಿನ ಕೋಣೆಯಲ್ಲಿ ಮಾಸ್ಕ್ ಇಲ್ಲ, ಎರಡು ಕೈಯಲ್ಲೂ ಶೀಟು, ಮುಖ ಬಟಾಬಯಲು. ಬಂದ ಮೊದಲ ದಿನವೇ ಮೇಸ್ತ್ರಿ ಹೆಸರಿಟ್ಟ. ಸೊಟ್ಟಿ.

ಮೇಸ್ತ್ರಿ ಹೊಡೆಯುವವನಲ್ಲ, ರೇಗುವವನೂ ಅಲ್ಲ. ತಮಾಷೆ ಮಾಡುವವನು. ‘ಈ ಸೆಖೇಲಿ ನಗು ಇಲ್ಲಾಂದ್ರೆ ಸತ್ತೇ ಹೋಗ್ತೀರಿ, ನಿಮ್ಮನ್ನ ಬದುಕಿಸ್ತಿರೋನು ನಾನು’ ಅನ್ನುತ್ತಿದ್ದ. ಅವಳು ಏನಾದರೂ ಅಂದರೆ ಅದನ್ನೇ ತಿರುಗಿಸಿ ಅವಳ ಹಾಗೆಯೇ ಆಡಿ ತೋರಿಸುತ್ತಿದ್ದ. ಅವನು ಮಾಡುತ್ತಿದ್ದ ಸದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರೂ ಒಂದು ಸಲ ಬಾಯಲ್ಲಿ ಆಡಿಸಿ ನೋಡುತ್ತಾರೆ. ಮನುಷ್ಯರ ನಾಲಿಗೆಯ ಮೇಲೆ ಅಷ್ಟೊಂದು ನಂಬಿಕೆ ಬೇಕಾಗಿಲ್ಲ.

ಅವಳ ಎದುರು ತುದಿ ಹಿಡಿಯುತ್ತಿದ್ದವಳು ದೊಡ್ಡಕ್ಕ. ಲಾಂಡ್ರಿಗೆಲ್ಲ ಹಿರಿಯಳು. ಮುಂದಿನ ಹಲ್ಲುಗಳು ಉದುರಿದ್ದವು. ಮೇಸ್ತ್ರಿ ಅವಳಿಗಿಟ್ಟ ಹೆಸರು ಬೊಚ್ಚಿ. ದೊಡ್ಡಕ್ಕ ನಗುತ್ತಿದ್ದಳು. ಎರಡೂ ಕೈಯಲ್ಲಿ ಶೀಟು ಇರುತ್ತಿದ್ದರಿಂದ ಬಾಯನ್ನು ಹೆಗಲಿಗೆ ಒತ್ತಿಕೊಂಡು ನಗುತ್ತಿದ್ದಳು. ಮೇಸ್ತ್ರಿ ನಕ್ಕ ಮೇಲೆ ಇಸ್ತ್ರಿಯವರು, ಇಸ್ತ್ರಿಯವರ ಹಿಂದೆ ಗಾಡಿ ತಳ್ಳುವವರು, ಕೊನೆಗೆ ಇವರಿಬ್ಬರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಇಲಿಯೂ ಬೆಕ್ಕಿನ ಜೊತೆ ನಗಬೇಕಿತ್ತು. ಅವಳೂ ನಗುತ್ತಿದ್ದಳು.

ಆಮೇಲೆ ಫೋನಿನಲ್ಲಿ ಒಂದು ಬಳಗ ಸಿಕ್ಕಿತು. ಮರ್ಯಾದೆ ಬಳಗ ಅಂತ ಹೆಸರು. ಸುಟ್ಟ ಮುಖದವರು, ಕುಳ್ಳಗಿನವರು, ತೊದಲುವವರು, ಬಿಳಿ ಮಚ್ಚೆಯವರು, ಅವರ ಜೊತೆಗೆ ಓದಿಕೊಂಡವರು, ಒಳ್ಳೆಯವರು, ಒಳ್ಳೆಯವರಾಗಿ ಕಾಣಬೇಕು ಅನ್ನುವವರು. ಅಲ್ಲಿ ಯಾರಿಗೂ ಯಾರ ದನಿಯೂ ಕೇಳಿಸುವುದಿಲ್ಲ. ಬೆರಳಿನಲ್ಲಿ ಬರೆಯಬೇಕು ಅಷ್ಟೆ. ಅವಳ ಬೆರಳಿಗೆ ಸೀಳು ಇರಲಿಲ್ಲ. ಸೂಜಿ ಅಂತ ಹೆಸರಿಟ್ಟುಕೊಂಡು ಬರೆದಳು. ಅಂಗಡಿಯಲ್ಲಿ ಅಮ್ಮ ತನ್ನ ಪರವಾಗಿ ಮಾತಾಡುವುದರ ಬಗ್ಗೆ ಬರೆದಳು. ‘ಎಷ್ಟು ಚೆನ್ನಾಗಿ ಬರೆಯುತ್ತೀರಿ ನೀವು’ ಅಂತ ಯಾರೋ ಅಂದರು. ನೀವು! ಆ ಪದವನ್ನು ತನಗೇ ಅಂದದ್ದು ಹೌದೋ ಅಲ್ಲವೋ ಅಂತ ಅವಳು ಎರಡು ಸಲ ಓದಿದಳು.

ಆ ಬಳಗದಲ್ಲಿ ಒಂದು ರೀತಿ ಇತ್ತು. ಯಾರಾದರೂ ಹೊಲಸು ಮಾತು ಬರೆದರೆ ‘ಇದು ತಮಾಷೆ ಅಲ್ಲ, ಅವಮಾನ’ ಅಂತ ಒಬ್ಬರು ಬರೆಯಬೇಕು. ಬರೆದ ಕೂಡಲೇ ಹತ್ತು ಜನ ಬಂದು ನಿಲ್ಲುತ್ತಿದ್ದರು. ಅಂದವನು ಕ್ಷಮೆ ಕೇಳಬೇಕು, ಇಲ್ಲ ಹೊರಗೆ. ವರ್ಷ ಕಳೆಯುವಷ್ಟರಲ್ಲಿ ಅವಳನ್ನೂ ಅಡ್ಮಿನ್ ಮಾಡಿದರು. ಹೆಬ್ಬೆರಳು ಒತ್ತಿದರೆ ಮಾತು ಮಾಯ. ಇನ್ನೊಮ್ಮೆ ಒತ್ತಿದರೆ ಆಡಿದವನೇ ಮಾಯ. ಹಗಲೆಲ್ಲ ಸೊಟ್ಟಿ ಅನ್ನಿಸಿಕೊಂಡವಳಿಗೆ ಆ ಹೆಬ್ಬೆರಳಿನ ಸುಖ ಎಂಥದು ಅಂತ ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಆದರೆ ಅದರ ರುಚಿ ಹತ್ತಿದ ಮೇಲೆ ಹೊರಗಿನ ಗಾಳಿ ನಾರತೊಡಗಿತು. ಮೊದಲು ಯಂತ್ರದ ಸದ್ದಿನ ಹಾಗೆ ಕಿವಿಗೆ ಬಿದ್ದು ಹೋಗುತ್ತಿದ್ದ ಮಾತುಗಳು ಈಗ ಒಂದೊಂದೇ ಬಿಡಿಸಿ ಕೇಳಿಸಿದವು. ಬಸ್ಸಿನಲ್ಲಿ ಕಂಡಕ್ಟರು ದಪ್ಪಗಿದ್ದ ಹೆಂಗಸೊಬ್ಬಳಿಗೆ ‘ಎರಡು ಟಿಕೆಟ್ ಹರೀಲಾ?’ ಅಂದ. ಬಸ್ಸೇ ನಕ್ಕಿತು. ಮನೆಗೆ ಬಂದ ಚಿಕ್ಕಮ್ಮ ಯಾರದೋ ಸೊಸೆಯ ಬಗ್ಗೆ ‘ಕಪ್ಪಗಿದ್ರೂ ಪಾಪ, ಲಕ್ಷಣವಾಗಿದಾಳೆ’ ಅಂದಳು. ಅಮ್ಮ ತಲೆಯಾಡಿಸಿದಳು. ಅವಳ ಹೆಬ್ಬೆರಳು ತಾನಾಗಿ ಅಲುಗಾಡಿತು. ಒತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಅವಳೂ ದೊಡ್ಡಕ್ಕನೂ ಶೀಟು ಹಿಡಿದು ನಿಂತಿದ್ದರು. ಮೇಸ್ತ್ರಿ ಇಸ್ತ್ರಿಯವರ ಹತ್ತಿರ ಬಂದು ನಿಂತ.

“ಸೊಟ್ಟಿ ಮುತ್ತು ಕೊಟ್ರೆ ಹೆಂಗಿರುತ್ತೆ ಗೊತ್ತೇನ್ರೋ? ಅರ್ಧ ಕೆನ್ನೆಗೆ, ಅರ್ಧ ಗಾಳಿಗೆ!”

ಕೋಣೆ ನಕ್ಕಿತು. ದೊಡ್ಡಕ್ಕ ಹೆಗಲಿಗೆ ಬಾಯಿ ಒತ್ತಿಕೊಂಡಳು. ಅವಳಿಗೆ ನಗು ಬರಲಿಲ್ಲ. ಬರಿಸಿಕೊಳ್ಳಲು ನೋಡಿದಳು, ಆಗಲೂ ಬರಲಿಲ್ಲ.

“ಇದು ತಮಾಷೆ ಅಲ್ಲ,” ಅಂದಳು. “ಅವಮಾನ. ನೀವು ಕ್ಷಮೆ ಕೇಳ್ಬೇಕು.”

ಅಂದು, ಕಾದಳು. ಅವಳು ಮಾಡಿದ ತಪ್ಪು ಅದೇ. ಬಳಗದ ರೂಢಿ ಮೈಗೆ ಹತ್ತಿತ್ತು. ಮಾತು ಆಡಿಯಾಯಿತು, ಇನ್ನು ಹತ್ತು ಜನ ಬಂದು ನಿಲ್ಲುತ್ತಾರೆ ಅಂತ ನಿಜವಾಗಿಯೂ ಕಾದಳು. ಕೋಣೆಯಲ್ಲಿ ಹತ್ತು ಜನ ಇದ್ದರು ಕೂಡ. ಯಾರೂ ಬರಲಿಲ್ಲ. ಬಟ್ಟೆ ಒಣಗಿಸುವ ಯಂತ್ರ ಗರಗರ ತಿರುಗುತ್ತಲೇ ಇತ್ತು. ಇಸ್ತ್ರಿಯವನೊಬ್ಬ ತನ್ನ ಉಗುರು ನೋಡಿಕೊಂಡ.

ಮೇಸ್ತ್ರಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಮುಖ ಅರಳಿತು. ಎದೆಯ ಮೇಲೆ ಕೈ ಇಟ್ಟುಕೊಂಡು ಆ ಮಾತುಗಳನ್ನೇ ಅವಳ ಹಾಗೆ ಒಂದೊಂದಾಗಿ ಆಡಿದ. ಕ್ಷಮೆ ಅನ್ನುವಲ್ಲಿ ಅವಳ ಮೂಗಿನಿಂದ ಗಾಳಿ ಹೇಗೆ ಹೊರಡುತ್ತಿತ್ತೋ ಹಾಗೆಯೇ ಹೊರಡಿಸಿದ. ಈ ಸಲದ ನಗು ಹಿಂದಿನದಕ್ಕಿಂತ ದೊಡ್ಡದಿತ್ತು. ಸಂಜೆಯೊಳಗೆ ಅದು ಲಾಂಡ್ರಿಯ ಹೊಸ ಆಟವಾಯಿತು. ಗಾಡಿ ಗೋಡೆಗೆ ತಾಗಿದರೆ ‘ಕ್ಷಮೆ ಕೇಳ್ಬೇಕು!’, ಸೀನಿದರೆ ‘ಕ್ಷಮೆ ಕೇಳ್ಬೇಕು!’. ಎಲ್ಲವೂ ಅದೇ ದನಿಯಲ್ಲಿ.

ಕೊಳೆ ಕೋಣೆಯಲ್ಲಿ ಅಷ್ಟು ವರ್ಷ ಒಮ್ಮೆಯೂ ವಾಂತಿ ಮಾಡದವಳು ಅವತ್ತು ಪಾಯಿಖಾನೆಗೆ ಓಡಿ ಹೋಗಿ ವಾಂತಿ ಮಾಡಿದಳು. ದೊಡ್ಡಕ್ಕ ಹಿಂದೆಯೇ ಬಂದು ಬೆನ್ನು ನೀವಿದಳು.

“ಯಾಕೆ ಹಂಗೆಲ್ಲ ಮಾತಾಡೋಕೆ ಹೋಗ್ತೀಯೆ? ನಕ್ಕು ಬಿಟ್ಟಿದ್ರೆ ಅಲ್ಲಿಗೆ ಮುಗೀತಿತ್ತು. ನನ್ನ ಬೊಚ್ಚಿ ಅಂತಾನೆ, ನಾನು ನಗಲ್ವಾ?”

“ನಿಂಗೆ ನಗು ಬರುತ್ತಾ ದೊಡ್ಡಕ್ಕ?”

ದೊಡ್ಡಕ್ಕ ನಲ್ಲಿ ತಿರುಗಿಸಿದಳು. ನೀರು ಬರಲು ಹೊತ್ತು ಹಿಡಿಯಿತು.

“ಬರಿಸ್ಕೋತೀನಿ,” ಅಂದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಎಲ್ಲವನ್ನೂ ಬಳಗಕ್ಕೆ ಬರೆದಳು. ಆದದ್ದನ್ನು ಆದ ಹಾಗೆ ಬರೆದಳು. ಸೊಟ್ಟಿ ಅಂತಲೇ ಬರೆದಳು, ಮುತ್ತಿನ ಮಾತನ್ನೂ ಬರೆದಳು. ಒಬ್ಬೊಬ್ಬರಾಗಿ ಹೃದಯದ ಚಿತ್ರ ಹಾಕಿದರು. ‘ನಿಮ್ಮ ಜೊತೆ ನಾವಿದ್ದೇವೆ’ ಅಂದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಬರಹವೇ ಇರಲಿಲ್ಲ.

ತೆಗೆದದ್ದು ಇನ್ನೊಬ್ಬ ಅಡ್ಮಿನ್. ಬಳಗದಲ್ಲಿ ಬೆಳಕು ಅಂತ ಹೆಸರು. ‘ಪ್ರೀತಿಯ ಸೂಜಿ ಅವರೇ, ನಿಂದನೆಯ ಪದವನ್ನು ಉದಾಹರಣೆಗೂ ಬಳಸಬಾರದು ಎಂಬ ನಮ್ಮ ನಿಯಮ ನಿಮಗೆ ಗೊತ್ತೇ ಇದೆ. ಓದಿದವರಿಗೆ ನೋವಾಗುತ್ತದೆ. ಆ ಪದ ತೆಗೆದು ಮತ್ತೆ ಬರೆಯಿರಿ.’

‘ಅದು ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಹೆಸರು,’ ಅವಳು ಬರೆದಳು. ‘ಅದನ್ನೇ ತೆಗೆದರೆ ಏನಾಯಿತು ಅಂತ ಹೇಗೆ ಹೇಳಲಿ?’

‘ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ಆದರೆ ಬಳಗದ ವಾತಾವರಣವನ್ನೂ ನೋಡಬೇಕಲ್ಲವೇ?’

ಇನ್ನೊಬ್ಬರು ಮಧ್ಯೆ ಬಂದರು. ‘ಅಂಥ ಕಡೆ ಕೆಲಸವನ್ನೇ ಬಿಟ್ಟುಬಿಡಿ. ನಿಮ್ಮ ನೆಮ್ಮದಿ ಮುಖ್ಯ.’ ಕೆಳಗೆ ಒಂದು ಹೂವಿನ ಚಿತ್ರ.

ನೆಮ್ಮದಿಯಿಂದ ಒಲೆ ಹೊತ್ತುವುದಿಲ್ಲ ಅಂತ ಬರೆಯಲು ಹೋಗಿ ಅವಳು ಬಿಟ್ಟಳು. ಲಾಂಡ್ರಿಯಲ್ಲಿ ಬಾಯಿ ಹೊಲಸು. ಇಲ್ಲಿ ಬಾಯಿ ಚೊಕ್ಕ, ಆದರೆ ಮೂಗು ಮುಚ್ಚಿಕೊಂಡಿದೆ. ಅವರಿಗೆ ಅವಳು ಬೇಕು, ಅವಳ ಮೈಗೆ ಮೆತ್ತಿದ್ದು ಬೇಡ. ಒಗೆದು, ಒಣಗಿಸಿ, ಮಡಿಚಿ ತಂದರೆ ತೆಗೆದುಕೊಳ್ಳುತ್ತಾರೆ. ಥೂ ಅನ್ನಿಸಿತು. ಫೋನು ಚೀಲಕ್ಕೆ ತುರುಕಿದಳು.

ಮನೆಯಲ್ಲಿ ಅಮ್ಮ ಯಾರದೋ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಮುಖ ಯಾಕೆ ಹೀಗಿದೆ ಅಂತ ಅವಳು ಕೇಳಿದ್ದಕ್ಕೆ ಇವಳು ಆದದ್ದನ್ನು ಹೇಳಿದಳು.

“ಅಂದ್ರೆ ಅಂದ ಬಿಡು. ಮಾತೇನು ಮೈಗೆ ಅಂಟ್ಕೊಳುತ್ತಾ?”

“ಅಂಟ್ಕೊಳುತ್ತೆ ಅಮ್ಮ. ಬಟ್ಟೆಗೆ ಅಂಟಿದ್ದು ಹೋಗುತ್ತೆ, ಇದು ಹೋಗಲ್ಲ.”

“ಅದಕ್ಕೇ ನಾನು ಹೇಳೋದು, ಕೈ ಅಡ್ಡ ಇಟ್ಕೊಂಡು ಮಾತಾಡು ಅಂತ.”

“ಎರಡೂ ಕೈಯಲ್ಲಿ ಶೀಟು ಇರುತ್ತಮ್ಮ. ಮೂರನೇ ಕೈ ನೀನು ಕೊಡಲಿಲ್ಲ.”

ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

ಮರುದಿನ ಆಸ್ಪತ್ರೆಯ ಮೇಡಂ ಲಾಂಡ್ರಿ ನೋಡಲು ಬರುವುದಿತ್ತು. ಬಟ್ಟೆ ಹೇಗೆ ಒಗೆಯುತ್ತಾರೆ, ಎಲ್ಲಿ ಮಡಿಚುತ್ತಾರೆ ಅಂತ ಕಣ್ಣಾರೆ ನೋಡಬೇಕಂತೆ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನೆಲ ಒರೆಸಿಸಿದ, ಬುಟ್ಟಿ ಸಾಲಾಗಿ ಇಡಿಸಿದ. ಕೊನೆಗೆ ಅವಳ ಕಡೆ ತಿರುಗಿದ.

“ಸೊಟ್ಟಿ, ನೀನು ಹಿಂದಿನ ಕೋಣೆಗೆ ಹೋಗು. ಇವತ್ತೊಂದಿನ ಅಲ್ಲ, ಇನ್ಮೇಲೆ ಅಲ್ಲೇ.”

“ಹಿಂದಿನ ಕೋಣೆ ನಂಗೆ ಆಗಲ್ಲ ಮೇಸ್ತ್ರಿ. ಡಾಕ್ಟರು ಬೇಡ ಅಂದಿದಾರೆ.”

“ಮೊದಲೇ ರೋಗಿಗಳ ಬಟ್ಟೆ. ಮಡಿಚೋರ ಮುಖ ನೋಡಿ ಮೇಡಂಗೂ ರೋಗ ಬಂದ್ರೆ? ಅಲ್ಲಿ ಮಾಸ್ಕ್ ಇದೆ. ನಿಂಗೂ ಒಳ್ಳೇದು, ನಮಗೂ ಒಳ್ಳೇದು.”

ನಗು ಎದ್ದಿತು. ಅವಳೂ ದೊಡ್ಡಕ್ಕನೂ ಒಂದು ಶೀಟು ಹಿಡಿದಿದ್ದರು. ಆಗಷ್ಟೇ ಯಂತ್ರದಿಂದ ತೆಗೆದದ್ದು, ಇನ್ನೂ ಬಿಸಿಯಿತ್ತು. ಅವಳ ಹೆಬ್ಬೆರಳು ಶೀಟಿನ ಅಂಚಿನ ಮೇಲೆ ಅಲುಗಾಡಿತು. ಆಮೇಲೆ ಎರಡೂ ಕೈ ಬಿಚ್ಚಿದಳು.

ಶೀಟು ನೆಲಕ್ಕೆ ಬಿತ್ತು.

“ಅಯ್ಯೋ, ಕೈ ಜಾರ್ತೇನೆ?” ದೊಡ್ಡಕ್ಕ ಕೇಳಿದಳು.

“ಇಲ್ಲ. ಬಿಟ್ಟೆ.”

“ಏನಂದೆ?” ಅಂದ ಮೇಸ್ತ್ರಿ.

ಅವಳು ಸುಮ್ಮನಾದಳು. ಬುಟ್ಟಿಯಿಂದ ಇನ್ನೊಂದು ಶೀಟು ತೆಗೆದು ಒಂದು ತುದಿಯನ್ನು ದೊಡ್ಡಕ್ಕನ ಕೈಗೆ ಕೊಟ್ಟಳು. ಮೇಸ್ತ್ರಿ ಅವಳ ದನಿಯಲ್ಲಿ ‘ಇಲ್ಲ, ಬಿಟ್ಟೆ’ ಅಂದ. ಜನ ನಕ್ಕರು. ಎರಡನೆಯ ಶೀಟು ಬಿತ್ತು. ಮೂರನೆಯದು ತೆಗೆದಳು. ಅವನು ಮತ್ತೆ ಆ ಸದ್ದು ಮಾಡಿದ. ಅದೂ ಬಿತ್ತು. ಈ ಸಲ ನಕ್ಕವರು ಕಡಿಮೆ. ನಕ್ಕಷ್ಟು ಸಲ ಶೀಟು ಬೀಳುವುದಾದರೆ, ಬಿದ್ದದ್ದನ್ನು ಮತ್ತೆ ಒಗೆದು ಒಣಗಿಸಿ ಇಸ್ತ್ರಿ ಮಾಡುವವರು ನಕ್ಕವರೇ ಆಗುತ್ತಾರೆ. ಈ ಲೆಕ್ಕ ಗಾಡಿ ತಳ್ಳುವವನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಅವನು ಬಾಯಿ ಮುಚ್ಚಿಕೊಂಡ.

ಮೇಸ್ತ್ರಿಯ ಮುಖದ ಮೇಲಿನ ನಗು ಒಣಗಿತು. ಬಂದು ದೊಡ್ಡಕ್ಕನನ್ನು ಪಕ್ಕಕ್ಕೆ ತಳ್ಳಿದ. ಬುಟ್ಟಿಯಿಂದ ತಾನೇ ಒಂದು ಶೀಟು ತೆಗೆದು ತುದಿ ಹಿಡಿದ.

“ಹಿಡಿ. ಹೆಂಗೆ ಬಿಡ್ತೀಯ ನಾನೂ ನೋಡ್ತೀನಿ.”

ಅವಳು ಹಿಡಿದಳು. ಕೊಡವಿದರು. ಎಳೆದರು. ಉದ್ದಕ್ಕೆ ಮಡಿಚಿದರು. ಆಮೇಲೆ ಎದುರುಬದುರು ನಡೆದು ಬಂದರು. ಇಬ್ಬರ ಮುಖದ ನಡುವೆ ಒಂದು ಗೇಣು. ಆಗ ಅವಳು ನೋಡಿದಳು. ಮೇಸ್ತ್ರಿ ಅವಳ ಕಿವಿಯ ಆಚೆ ಗೋಡೆ ನೋಡುತ್ತಿದ್ದ. ಇಷ್ಟು ದಿನ ಅವಳ ದನಿಯನ್ನು ಅಷ್ಟು ಚೆನ್ನಾಗಿ ಕದ್ದವನು ಅವಳ ಮುಖವನ್ನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ಅವನಿಗೆ ನೋಡುವುದಕ್ಕೆ ಹೇಸಿಗೆ. ಅವನ ತಮಾಷೆಯೆಲ್ಲ ಆ ಹೇಸಿಗೆಯ ಮೇಲೆ ಹೊದಿಸಿದ ಬಟ್ಟೆ.

“ನನ್ನ ಮುಖ ನೋಡಿ ಹೇಳಿ,” ಅಂದಳು.

“ಏನು?”

“ಈಗ ಅಂದ್ರಲ್ಲ, ಅದು. ಇಲ್ಲೇ ಇದೀನಿ. ನೋಡಿ ಹೇಳಿ.”

ಅವನು ನೋಡಲಿಲ್ಲ. ಗೋಡೆ ನೋಡುತ್ತಲೇ, ಸೋಲಬಾರದು ಅಂತ, ಆ ಸದ್ದನ್ನು ಮತ್ತೆ ಮಾಡಿದ. ಜೋರಾಗಿ ಮಾಡಿದ. ಬಾಯಿಂದ ಉಗುಳು ಹಾರಿ ಬಿಳಿ ಶೀಟಿನ ಮೇಲೆ ಬಿತ್ತು. ಇಬ್ಬರಿಗೂ ಕಂಡಿತು.

“ಉಗುಳು,” ಅಂದಳು. “ನಾಳೆ ಹೊಟ್ಟೆ ಕೊಯ್ಸಿಕೊಂಡೋರು ಯಾರೋ ಇದರ ಮೇಲೆ ಮಲಗ್ತಾರೆ. ಇದು ಕೊಳೆ.”

ಬಿಟ್ಟಳು. ಶೀಟು ಅವನ ಬೂಟಿನ ಮೇಲೆ ಬಿತ್ತು.

“ಹೋಗು ಆಚೆ! ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!”

ಅವಳು ಹೋಗಲಿಲ್ಲ. ಕೆಮ್ಮು ಬಂತು, ಕೆಮ್ಮಿದಳು. ಬುಟ್ಟಿಯಿಂದ ಇನ್ನೊಂದು ಶೀಟು ತೆಗೆದು ಎರಡು ಮೂಲೆ ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ನಿಂತಳು. ಇನ್ನೊಂದು ತುದಿ ಮೇಜಿನ ಮೇಲೆ ಬಿದ್ದಿತ್ತು. ಈ ಸಲ ಅವಳು ಹತ್ತು ಜನಕ್ಕೆ ಕಾಯಲಿಲ್ಲ. ಶೀಟಿನ ಆ ತುದಿ ಹಿಡಿಯಲು ಇನ್ನೊಬ್ಬರು ಸಾಕು.

ಹೊರಗೆ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಯಾರೂ ಅಲುಗಲಿಲ್ಲ. ಆಮೇಲೆ ದೊಡ್ಡಕ್ಕ ಬಂದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮೇಜಿನ ಮೇಲಿನ ತುದಿ ಎತ್ತಿಕೊಂಡಳು.

“ಹೂಂ, ಕೊಡವು,” ಅಂದಳು.

ಇಬ್ಬರೂ ಕೊಡವಿದರು. ಮೇಸ್ತ್ರಿ ಬಾಗಿಲ ಕಡೆ ಒಂದು ಕಣ್ಣಿಟ್ಟು ಹಲ್ಲು ಕಡಿದ.

“ಏನ್ ಬೊಚ್ಚಿ, ನೀನೂ ಸೇರ್ಕೊಂಡ್ಯಾ? ಎರಡು ಬಾಯಿ ಕೂಡಿಸಿದ್ರೂ ಒಂದು ಮಾತು ಆಗಲ್ವಲ್ರೇ ನಿಮ್ಮದು!”

ಯಾರೋ ಒಬ್ಬ ರೂಢಿಯ ಮೇಲೆ ನಕ್ಕ. ದೊಡ್ಡಕ್ಕ ಹೆಗಲಿಗೆ ಬಾಯಿ ಒತ್ತಿಕೊಳ್ಳಲಿಲ್ಲ. ಶೀಟು ನೆಲಕ್ಕೆ ಬಿತ್ತು. ಆ ತುದಿ ಬಿಟ್ಟವಳು ದೊಡ್ಡಕ್ಕ.

ಐದು ಶೀಟು ನೆಲದ ಮೇಲೆ ಬಿದ್ದಿದ್ದವು. ಅಂಗಳದಲ್ಲಿ ಮೇಡಂ ಯಾರನ್ನೋ ದಾರಿ ಕೇಳುತ್ತಿದ್ದರು. ಮೇಸ್ತ್ರಿ ಗಾಡಿ ತಳ್ಳುವವನ ಕಡೆ ನೋಡಿದ. ಅವನು ಗಾಡಿಯ ಚಕ್ರ ನೋಡುತ್ತಿದ್ದ. ಇಸ್ತ್ರಿಯವರ ಕಡೆ ನೋಡಿದ. ಅವರಿಗೆ ಆ ಕ್ಷಣದಲ್ಲಿ ಇಸ್ತ್ರಿಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿತ್ತು. ಬೇರೆ ದಾರಿ ಇರಲಿಲ್ಲ. ಅವನೇ ಬಗ್ಗಿದ. ಒಂದೊಂದಾಗಿ ಬಾಚಿ ಎತ್ತಿಕೊಂಡ. ಎರಡು ತೋಳಿನ ತುಂಬ ಶೀಟು, ಬಾಯಿ ಅದರಲ್ಲಿ ಮುಚ್ಚಿಹೋಗಿತ್ತು. ಹಾಗೆಯೇ ಕೊಳೆ ಕೋಣೆಗೆ ಓಡಿದ. ಮಾಸ್ಕ್ ಹಾಕಿಕೊಳ್ಳಲಿಲ್ಲ. ಒಳಗಿನಿಂದ ಅವನು ಕೆಮ್ಮಿದ್ದು ಕೇಳಿಸಿತು.

ನಾಳೆ ಈ ಕೆಲಸ ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ದೊಡ್ಡಕ್ಕನಿಗೂ ಇರುವುದಿಲ್ಲವೇನೋ. ಆದರೂ ಇನ್ನೊಂದು ಶೀಟು ತೆಗೆದಳು. ದೊಡ್ಡಕ್ಕ ತುದಿ ಹಿಡಿದಳು.

ಮೇಡಂ ಒಳಗೆ ಬಂದರು. ಸುತ್ತ ನೋಡಿದರು.

“ಇಲ್ಲಿ ನೋಡ್ಕೊಳೋರು ಯಾರು?”

“ಮೇಸ್ತ್ರಿ ಕೊಳೆ ಕೋಣೇಲಿದಾರೆ,” ಅವಳು ಅಂದಳು. “ಏನು ನೋಡ್ಬೇಕಿತ್ತು ಹೇಳಿ.”

ಮೇಡಂ ಹುಬ್ಬು ಗಂಟಿಕ್ಕಿದರು. ಅವಳ ತುಟಿ ನೋಡಿದರು, ತಟ್ಟನೆ ಕಣ್ಣು ಬೇರೆಡೆಗೆ ತಿರುಗಿಸಿದರು. ದೊಡ್ಡಕ್ಕನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

“ಏನಂತಿದಾಳೆ ಇವಳು?”

ದೊಡ್ಡಕ್ಕ ಬೊಚ್ಚುಬಾಯಿ ತೆರೆದಳು. ಹೇಳಿಬಿಡುತ್ತಾಳೆ ಅಂತ ಅವಳಿಗೆ ಅನ್ನಿಸಿತು, ಅಂಗಡಿಯಲ್ಲಿ ಅಮ್ಮ ಹೇಳುವ ಹಾಗೆ.

“ಅವಳು ಅಲ್ಲೇ ನಿಂತಿದಾಳಲ್ಲ ಮೇಡಂ,” ಅಂದಳು ದೊಡ್ಡಕ್ಕ. “ಅವಳನ್ನೇ ಕೇಳಿ.”

ಮೇಡಂ ಅವಳ ಕಡೆ ತಿರುಗಿದರು. ಈಗ ಮುಖ ನೋಡಲೇಬೇಕಾಯಿತು.

“ಏನಂದ್ರಿ?”

ಎರಡೂ ಕೈಯಲ್ಲಿ ಶೀಟು ಇತ್ತು. ಅವಳು ಅದೇ ಮಾತನ್ನು ಎರಡನೇ ಸಲ ಹೇಳಿದಳು.